ಹೊಗೆ ಎಲ್ಲಿಗೆ ಹೋಗ್ತದೆ?

ಮಲೆನಾಡಿನ ಬಚ್ಚಲ ಹಂಡೆ ಬಿಟ್ಟು ಪುಣೆಗೆ ಬಂದವರಿಗೆ ಮೊದಲು ಒಗ್ಗದಿರುವುದು ಇಲ್ಲಿನ ಗ್ಯಾಸ್ ಗೀಸರ್. ಊರಲ್ಲಿ ಒಲೆಗೆ ಅಡಿಕೆ ಸಿಪ್ಪೆ ತುರುಕಿದರೆ ನೀರು ತನ್ನ ಪಾಡಿಗೆ ಕಾಯುತ್ತಿರುತ್ತದೆ. ಇಲ್ಲಿ ಹಾಗಲ್ಲ, ನೀರು ಓಡುತ್ತಲೇ ಕಾಯಬೇಕು.

ಗೋಡೆಯ ಆ ಡಬ್ಬಿಯೊಳಗೆ ಬೆರಳು ಗಾತ್ರದ ತಾಮ್ರದ ಕೊಳವೆ, ಕೆಳಗೆ ಉರಿ. ನಿಮಿಷಕ್ಕೆ 6 ಲೀಟರ್ ನೀರು 25 ಡಿಗ್ರಿ ಏರಲು ಸುಮಾರು ಹತ್ತೂವರೆ ಕಿಲೋವ್ಯಾಟ್ ಶಾಖ ಬೇಕು. 3 ಕಿಲೋವ್ಯಾಟ್‌ನ ಕರೆಂಟ್ ಗೀಸರ್ ಇದರ ಮೂರನೇ ಒಂದು ಪಾಲೂ ಕೊಡಲಾರದು. ಇಷ್ಟು ಶಾಖ ಕ್ಷಣದಲ್ಲಿ ನೀರಿಗೆ ದಾಟುವುದು ಹೇಗೆ? ಕೊಳವೆಗೆ ತಾಗಿದ ನೀರಷ್ಟೇ ಮೊದಲು ಬಿಸಿಯಾಗುವುದು. ಪದರ ಪದರವಾಗಿ ಮೆಲ್ಲಗೆ ಹರಿದರೆ ನಡುವಿನ ನೀರು ತಣ್ಣಗೇ ಉಳಿದೀತು. ಸುಳಿಸುಳಿಯಾಗಿ ಕದಡಿ ಹರಿದರೆ ಬಿಸಿ ಎಲ್ಲಕ್ಕೂ ಹಂಚಿಹೋಗುತ್ತದೆ. ಈ ಎರಡು ಬಗೆಯ ಹರಿವನ್ನು ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ತೋರಿಸಿ, 1883ರಲ್ಲಿ ಪ್ರಕಟಿಸಿದ.

ನಮ್ಮ ಕಟ್ಟಡಕ್ಕೆ ಬರುವುದು ಬೋರ್‌ವೆಲ್‌ನ ಗಡಸು ನೀರು. ಕೊಳವೆಯೊಳಗೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖ ದಾಟಿಸುವ ಪದರ ಅದು. ಸಿಲಿಂಡರ್ ಬೇಗ ಖಾಲಿ, ನೀರು ಮಾತ್ರ ಉಗುರುಬೆಚ್ಚಗೆ!

ಒಂದು ಡಿಸೆಂಬರ್‌ನಲ್ಲಿ ಅಮ್ಮ ಬಂದಿದ್ದಳು. ಗೀಸರನ್ನೇ ದಿಟ್ಟಿಸಿ ನೋಡಿ ಕೇಳಿದಳು: "ಬೆಂಕಿ ಉರೀತಾ ಇದ್ಯಲ್ಲೋ, ಹೊಗೆ ಎಲ್ಲಿಗೆ ಹೋಗ್ತದೆ?"

ಹಂಡೆ ಒಲೆಯ ಹೊಗೆ ಕಣ್ಣುರಿಸಿ ತಾನೇ ಎಚ್ಚರಿಸುತ್ತದೆ. ಗ್ಯಾಸ್ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟಿದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಆಮ್ಲಜನಕ ಇಳಿದಂತೆ ಉರಿ ಕೆಟ್ಟು ಈ ವಿಷ ಹೆಚ್ಚುತ್ತದೆ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಬೀಳುತ್ತಾರೆ, ಎಷ್ಟೋ ಜನ ಏಳುವುದೇ ಇಲ್ಲ.

"ಇಷ್ಟು ವರ್ಷ ಏನೂ ಆಗಿಲ್ವಲ್ಲ" ಎಂದರು ಮನೆ ಮಾಲೀಕರು. ಎರಡು ವಾರ ಹಟ ಹಿಡಿದು, ಖರ್ಚು ನಾವೇ ಹಾಕಿ, ಗೀಸರನ್ನು ಹೊರಗಿನ ಬಾಲ್ಕನಿಗೆ ಸಾಗಿಸಿದೆವು. ಈಗ ಪೈಪು ಉದ್ದ, ಮೊದಲ ಎರಡು ಚೊಂಬು ತಣ್ಣೀರೇ ಬರುತ್ತದೆ. "ಬಟ್ಟೆ ನೆನೆಸೋಕಾಯ್ತು ಬಿಡು" ಅಂದಳು ಅಮ್ಮ.

ಪುಣೆ, ಮುಂಬಯಿಗಳಲ್ಲಿ ಮಕ್ಕಳಿರುವವರು ಫೋನಿನಲ್ಲಿ "ಊಟ ಆಯ್ತಾ?" ಅಂತ ಕೇಳುವಾಗ, "ಗೀಸರ್ ಎಲ್ಲಿಟ್ಟಿದ್ದೀಯ?" ಅಂತಲೂ ಒಮ್ಮೆ ಕೇಳಿ.