ಮೊಂಡುಕಿವಿಯ ಬೆಕ್ಕು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆಂದು ನಾವೆಲ್ಲ ನಗುತ್ತೇವೆ. ಕಣ್ಣು ಮುಚ್ಚಿಕೊಂಡು ಹಾಲು ಹಾಕುವವರೂ ಉಂಟು. ಅವರಲ್ಲಿ ನಾನೂ ಒಬ್ಬ.

ಹಲಸೂರಿನ ನಮ್ಮ ವಠಾರಕ್ಕೆ ಬೂದು ಬಣ್ಣದ ಬೀದಿಬೆಕ್ಕೊಂದು ಬರುತ್ತಿತ್ತು. ದಿನವೂ ಹಾಲು ಹಾಕಿ, ಪುಣ್ಯ ಸಂಪಾದಿಸಿದೆನೆಂದು ಬೀಗುತ್ತಿದ್ದೆ. ಬೆಕ್ಕಿನ ಗರ್ಭ ಸುಮಾರು ಒಂಬತ್ತು ವಾರದ್ದು. ವರ್ಷದೊಳಗೆ ಅದು ಎರಡನೆಯ ಸಲ ಮರಿ ಹಾಕಿತು. ವಠಾರದವರ ಗೊಣಗಾಟಕ್ಕೆ ಅಂಜಿ, ನಾಲ್ಕು ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಂಗಡಿಗಳ ಬಳಿ ಬಿಟ್ಟು ಬಂದೆ. ಮೀನಿರುವಲ್ಲಿ ಬೆಕ್ಕಿಗೇನು ಕೊರತೆ? ವಾರ ಕಳೆದು ಹೋಗಿ ನೋಡಿದರೆ ಒಂದೂ ಕಾಣಲಿಲ್ಲ. ಮೊಲೆಹಾಲು ಬಿಡದ ಮರಿಗಳು ಮೀನು ತಿಂದಾವೆ?

ಕೊನೆಗೆ ಸ್ವಯಂಸೇವಕರಿಗೆ ಹೇಳಿಕಳುಹಿಸಿದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಸ್ಥಾಪಿಸಿದರು. ಅಂಥ ಸೇವೆಗೆ ಈಗ ನಗರದಲ್ಲಿ ಅನೇಕ ಕೈಗಳಿವೆ. ನಮ್ಮಲ್ಲಿಗೆ ಬಂದ ತರುಣಿ ಬೋನಿನಲ್ಲಿ ಮೀನಿಟ್ಟು, ಎರಡು ರಾತ್ರಿ ಕಾದು ಬೆಕ್ಕನ್ನು ಹಿಡಿದರು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಮತ್ತೆ ತಂದು ವಠಾರದಲ್ಲೇ ಬಿಟ್ಟರು. ಅರಿವಳಿಕೆಯಲ್ಲಿದ್ದಾಗಲೇ ಒಂದು ಕಿವಿಯ ತುದಿ ಕತ್ತರಿಸಿದ್ದರು. ಇದಕ್ಕೆ ಚಿಕಿತ್ಸೆಯಾಗಿದೆ, ಮತ್ತೆ ಹಿಡಿಯಬೇಡಿ ಎಂಬುದಕ್ಕೆ ಅದೇ ಗುರುತು.

“ಪುನಃ ಇಲ್ಲಿಗೇಕೆ ತಂದಿರಿ?” ಎಂದೆ.

“ಇದರ ಮನೆ ಇದೇ ಅಲ್ಲವೆ? ಇದನ್ನು ಓಡಿಸಿದರೆ ಈ ಜಾಗಕ್ಕೆ ಇನ್ನೊಂದು ಬರುತ್ತದೆ” ಎಂದರು.

ಮರಿಗಳ ವಿಷಯವನ್ನು ಅವರಿಗೆ ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ. ಬೆಕ್ಕು ಈಗಲೂ ಬಂದು, ಹಾಕಿದ್ದನ್ನು ಕಣ್ಣು ಮುಚ್ಚಿ ತಿನ್ನುತ್ತದೆ. ನಾನು ಕಣ್ಣು ಬಿಟ್ಟುಕೊಂಡು ಆ ಮೊಂಡುಕಿವಿಯನ್ನು ನೋಡುತ್ತ ಕೂರುತ್ತೇನೆ.