ಮನೆ ಯಾರಿಗೆ ಹತ್ತಿರವಿರಬೇಕು?

ಪುಣೆಯಿಂದ ಮ್ಯಾಂಚೆಸ್ಟರಿಗೆ ವರ್ಗವಾದಾಗ ಸಹೋದ್ಯೋಗಿಗಳೆಲ್ಲ ಕೊಟ್ಟ ಸಲಹೆ ಒಂದೇ: ನಗರದ ದಕ್ಷಿಣಕ್ಕಿರುವ ಆಲ್ಟ್ರಿಂಚಮ್‌ನಲ್ಲಿ ಮನೆ ಹಿಡಿ. ಅದು ಸೇರಿರುವ ಟ್ರಾಫರ್ಡ್‌ನಲ್ಲಿ, ಪರೀಕ್ಷೆ ಬರೆದು ಸೇರುವ ಸರ್ಕಾರಿ ಗ್ರಾಮರ್ ಶಾಲೆಗಳು ಇನ್ನೂ ಉಳಿದಿವೆ. ಹಾಗಾಗಿಯೇ ಅಲ್ಲಿ ಬಾಡಿಗೆ ದುಬಾರಿ. ಆದರೆ ಮಗಳಿಗೆ ಈಗ ಆರು ವರ್ಷ. ಆ ಪರೀಕ್ಷೆ ಬರುವುದು ಹತ್ತು ದಾಟಿದ ಮೇಲೆ.

ನಾನು ದಿನವಿಡೀ ಆಫೀಸಿನಲ್ಲಿರುವವನು. ಆ ಊರಿನಲ್ಲಿ ನಿಜವಾಗಿ ಬದುಕಬೇಕಾದವಳು ಪುಣೆಯ ಕೆಲಸ ಬಿಟ್ಟು ಬಂದ ಹೆಂಡತಿ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗಿರುತ್ತಾನೆ. “ನಾನೊಬ್ಬಳೇ ಪೇಟೆಗೆ ಹೋಗಿ ಬರೋ ಹಾಗಿದ್ರೆ ಸಾಕು” ಎಂದಿದ್ದಳು.

ಕೊನೆಗೆ ಉತ್ತರದ ಬೆರಿ ಊರನ್ನು ಆರಿಸಿಕೊಂಡೆವು. 1992ರಲ್ಲಿ ಮೆಟ್ರೋಲಿಂಕ್ ಟ್ರಾಮ್ ಮೊದಲು ಓಡಿದ್ದು ಇಲ್ಲಿಂದ ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣಕ್ಕೆ. ಟ್ರಾಮ್ ಇಳಿದರೆ ನಡೆಯುವ ದೂರದಲ್ಲೇ ಹೆಸರುವಾಸಿ ಮಾರುಕಟ್ಟೆ. ಈಗ ಅವಳಿಗೆ ತರಕಾರಿ ಅಂಗಡಿಯವರ ಪರಿಚಯ ನನಗಿಂತ ಹೆಚ್ಚು. ಕೆಲಸದ ಸಂದರ್ಶನಕ್ಕೂ ಒಬ್ಬಳೇ ಹೋಗಿಬರುತ್ತಾಳೆ.

ಮಗಳ ಶಾಲೆಯ ಪ್ರಶ್ನೆ ಇನ್ನೂ ಬಾಕಿಯಿದೆ. ಹೊರಡಲು ಸಿದ್ಧರಾಗಿರುವ ಗೆಳೆಯರಿಗೆ ನನ್ನದೊಂದೇ ಮಾತು: ಶಾಲೆಗಳ ಪಟ್ಟಿ ತೆರೆಯುವ ಮುನ್ನ, ಹಗಲೆಲ್ಲ ಮನೆಯಲ್ಲಿ ಉಳಿಯುವವರು ಎಲ್ಲಿಗೆ ನಡೆದು ಹೋಗಬಲ್ಲರೆಂದು ನೋಡಿ.