ಗುಟ್ಟು ಬಯಲಾದರೂ ಜಾದೂ ಉಳಿದೀತೇ?

1956ರಲ್ಲಿ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯಲ್ಲಿ ಯುವತಿಯೊಬ್ಬಳನ್ನು ಗರಗಸದಿಂದ ಕೊಯ್ದು ತೋರಿಸಿದರು. ಆಕೆ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿಯಿತು. ಕೊಲೆಯಾಯಿತೆಂದು ಗಾಬರಿಗೊಂಡ ಪ್ರೇಕ್ಷಕರು ಫೋನ್ ಮೇಲೆ ಫೋನ್ ಮಾಡಿದರು!

ಇಂದು ಅಂಥ ಆಟದ ಗುಟ್ಟನ್ನು ಮೊಬೈಲ್ ಹಿಡಿದ ಪೋರನೂ ಹೇಳಿಯಾನು. ಹಾಗಾದರೆ ಜಾದೂವಿಗೆ ನಾಳೆ ಇಲ್ಲವೇ?

ಖಂಡಿತ ಇದೆ. 1997ರಲ್ಲಿ, ಏಳರ ವಯಸ್ಸಿನಲ್ಲಿ ಅಹಮದಾಬಾದಿನಲ್ಲಿ ರಂಗವೇರಿದ ಸುಹಾನಿ ಶಾ, ಮುಂದೆ ಮನಸ್ಸನ್ನು ಓದುವ ಆಟಕ್ಕೆ ಹೊರಳಿದರು, ಯೂಟ್ಯೂಬನ್ನೂ ರಂಗವಾಗಿಸಿಕೊಂಡರು. 2025ರಲ್ಲಿ ಇಟಲಿಯ ಟುರಿನ್‌ನಲ್ಲಿ ನಡೆದ ವಿಶ್ವ ಜಾದೂ ಸ್ಪರ್ಧೆಯಲ್ಲಿ ಆನ್‌ಲೈನ್ ಜಾದೂವಿಗಾಗಿ ಪ್ರಶಸ್ತಿ ಗೆದ್ದರು.

ಅವರು ಚಿಕ್ಕಂದಿನಲ್ಲೇ ಶಾಲೆ ಬಿಟ್ಟದ್ದು ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ತಂದೆತಾಯಂದಿರು ತೋರಿಸಬೇಕಾದದ್ದು ಆಮೇಲಿನ ಇಪ್ಪತ್ತೆಂಟು ವರ್ಷಗಳ ದುಡಿಮೆಯನ್ನು. ಗುಟ್ಟು ಗೊತ್ತಾಗಲು ನಿಮಿಷ ಸಾಕು. ಆಟ ಕೈಗೆ ಹತ್ತಲು ವರ್ಷಗಳೇ ಬೇಕು.